ನಮ್ಮಲ್ಲಿ ಓಡುತ್ತೆ, ಗ್ರಾಹಕರಲ್ಲಿ ಓಡಲ್ಲ: ಲಿನಕ್ಸ್ ರಿಲೀಸ್‌ಗಳ ಜಿಲಿಬ್‌ಸಿ ತಕರಾರು

ಕೋಡ್‌ನಲ್ಲಿ ಹೇಳಿಕೊಳ್ಳುವಂಥದ್ದೇನೂ ಬದಲಾಗಿಲ್ಲ. ಟೆಸ್ಟ್‌ಗಳೆಲ್ಲ ಪಾಸ್. ರಿಲೀಸ್ ಹೊರಗೆ ಹೋಗಿದೆ. ಅಷ್ಟರಲ್ಲಿ ಗ್ರಾಹಕರಿಂದ ಒಂದು ಸ್ಕ್ರೀನ್‌ಶಾಟ್ ಬರುತ್ತದೆ: "ಲಿಬ್‌ಸಿ: ವರ್ಷನ್ ಜಿಲಿಬ್‌ಸಿ 2.34 ನಾಟ್ ಫೌಂಡ್". ಅಂದರೆ ಪ್ರೋಗ್ರಾಂ ಕೇಳುತ್ತಿರುವ ಸಿ ಲೈಬ್ರರಿಯ (ಜಿಲಿಬ್‌ಸಿಯ) 2.34 ವರ್ಷನ್ ಆ ಸರ್ವರ್‌ನಲ್ಲಿ ಇಲ್ಲ. ಹಿಂದಿನ ರಿಲೀಸ್ ಮಾತ್ರ ಅದೇ ಸರ್ವರ್‌ನಲ್ಲಿ ಈಗಲೂ ಸುಮ್ನೆ ಓಡುತ್ತಿದೆ.

ಲಿನಕ್ಸ್‌ಗೆ ಬೈನರಿ (ಕಂಪೈಲ್ ಆಗಿ ಓಡಲು ತಯಾರಾದ ಫೈಲ್) ಮಾಡಿ ಕಳಿಸುವ ತಂಡಗಳಿಗೆ ಇದು ಹಳೇ ತಲೆನೋವು. ಇಲ್ಲಿ ಬದಲಾಗಿರುವುದು ಕೋಡ್ ಅಲ್ಲ, ಬಿಲ್ಡ್ ಆದ ಮಷೀನ್. ಬಿಲ್ಡ್, ಟೆಸ್ಟ್, ರಿಲೀಸ್‌ಗಳನ್ನು ತಾನಾಗಿ ನಡೆಸುವ ಪೈಪ್‌ಲೈನ್‌ನ ಫೈಲ್‌ನಲ್ಲಿ "ಉಬುಂಟು-ಲೇಟೆಸ್ಟ್" ಅಂತ ಬರೆದಿದ್ದರೆ, ಆ ಲೇಟೆಸ್ಟ್ ಯಾವುದು ಅಂತ ತೀರ್ಮಾನ ಮಾಡುವವರು ನೀವಲ್ಲ. ಗಿಟ್‌ಹಬ್‌ನ ಪೈಪ್‌ಲೈನ್ ಸೇವೆಯಾದ ಗಿಟ್‌ಹಬ್ ಆ್ಯಕ್ಷನ್ಸ್‌ನಲ್ಲಿ 2024ರ ಡಿಸೆಂಬರ್ ಮತ್ತು 2025ರ ಜನವರಿ ಹೊತ್ತಿಗೆ ಅದು ಉಬುಂಟು 22.04ರಿಂದ 24.04ಕ್ಕೆ ಸರಿಯಿತು. 2025ರ ಏಪ್ರಿಲ್‌ನಲ್ಲಿ 20.04ರ ರನ್ನರ್ (ಪೈಪ್‌ಲೈನ್ ಓಡಿಸುವ ಮಷೀನ್) ಅನ್ನೇ ತೆಗೆದುಹಾಕಿದರು. ಹಾಗಾಗಿ "ನಾವು ಲೇಟೆಸ್ಟ್ ಹಾಕಿಲ್ಲ, 20.04 ಅಂತಲೇ ಬರೆದಿದ್ದೇವೆ" ಅಂದುಕೊಂಡವರೂ ಜಾಗ ಬಿಡಬೇಕಾಯಿತು.

ನಿಮ್ಮ ಸಾಫ್ಟ್‌ವೇರ್ ಎಷ್ಟು ಹಳೆಯ ಲಿನಕ್ಸ್ ಮೇಲೆ ಓಡಬೇಕು ಅನ್ನುವುದು ನೀವು ಕೂತು ತೀರ್ಮಾನಿಸಬೇಕಾದ ವಿಷಯ. ಬಹಳ ತಂಡಗಳಲ್ಲಿ ಅದನ್ನು ರನ್ನರ್ ಇಮೇಜ್ (ಆ ಮಷೀನ್‌ನಲ್ಲಿ ಮೊದಲೇ ತುಂಬಿಟ್ಟ ಸಿಸ್ಟಮ್) ತೀರ್ಮಾನಿಸುತ್ತಿದೆ. ತಕರಾರಿನ ಬೇರು ಅಲ್ಲಿದೆ ಅಂತ ನನ್ನ ಅಭಿಪ್ರಾಯ. ಯಾಕೆ ಅಂತ ತಿಳಿಯಲು ಬೈನರಿ ಒಳಗೆ ಸ್ವಲ್ಪ ಇಣುಕಬೇಕು.

ಬೈನರಿ ಕೇಳುವ ಪಟ್ಟಿ

ಸಿ, ಸಿ ಪ್ಲಸ್ ಪ್ಲಸ್ ಅಥವಾ ರಸ್ಟ್‌ನಲ್ಲಿ ಬರೆದ ಪ್ರೋಗ್ರಾಂ ಕಂಪೈಲ್ ಆದಾಗ, ಅದಕ್ಕೆ ಬೇಕಾದದ್ದೆಲ್ಲ ಅದರೊಳಗೇ ಇರುವುದಿಲ್ಲ. ಫೈಲ್ ತೆರೆಯಲು, ಮೆಮೊರಿ ಕೇಳಲು, ಥ್ರೆಡ್ ಶುರು ಮಾಡಲು ಅದು ಸಿಸ್ಟಮ್‌ನಲ್ಲಿರುವ ಸಿ ಲೈಬ್ರರಿಯನ್ನು ನಂಬಿಕೊಂಡಿರುತ್ತದೆ. ಉಬುಂಟು, ಡೆಬಿಯನ್, ಫೆಡೋರಾ, ರೆಡ್ ಹ್ಯಾಟ್ ಎಲ್ಲದರಲ್ಲೂ ಆ ಲೈಬ್ರರಿ ಗ್ನೂ ಯೋಜನೆಯ ಜಿಲಿಬ್‌ಸಿ. ಪ್ರೋಗ್ರಾಂ ಶುರುವಾಗುವಾಗ ಲೋಡರ್ ಅನ್ನುವ ಪುಟ್ಟ ಪ್ರೋಗ್ರಾಂ ಮೊದಲು ಎದ್ದು, "ಇದಕ್ಕೆ ಯಾವ ಫಂಕ್ಷನ್‌ಗಳು ಬೇಕು" ಎಂಬ ಪಟ್ಟಿ ನೋಡಿ, ಈ ಮಷೀನ್‌ನ ಜಿಲಿಬ್‌ಸಿಯಲ್ಲಿ ಹುಡುಕಿ ಜೋಡಿಸುತ್ತದೆ.

ಆ ಪಟ್ಟಿಯಲ್ಲಿ ಫಂಕ್ಷನ್ ಹೆಸರಿನ ಜೊತೆಗೆ ಒಂದು ವರ್ಷನ್ ನಂಬರ್ ಕೂಡ ಇರುತ್ತದೆ. ಇದಕ್ಕೆ ಸಿಂಬಲ್ ವರ್ಷನಿಂಗ್ ಅನ್ನುತ್ತಾರೆ. ಇದು ಯಾಕೆ ಬೇಕು ಅನ್ನುವುದಕ್ಕೆ ಮೆಮೊರಿಯಲ್ಲಿ ಡೇಟಾ ನಕಲು ಮಾಡುವ ಮೆಮ್‌ಕಾಪಿ ಫಂಕ್ಷನ್ನಿನ ಕಥೆಗಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

2010ರಲ್ಲಿ ಫೆಡೋರಾ 14 ಬಂದಾಗ 64 ಬಿಟ್ ಅಡೋಬಿ ಫ್ಲ್ಯಾಶ್‌ನಲ್ಲಿ ಧ್ವನಿ ಕೆಟ್ಟು ಕೇಳಿಸಲು ಶುರುವಾಯಿತು. ಕಾರಣ ಹುಡುಕಿದಾಗ ಸಿಕ್ಕಿದ್ದು ಜಿಲಿಬ್‌ಸಿಯ ಮೆಮ್‌ಕಾಪಿ. ಕೆಲವು ಪ್ರೊಸೆಸರ್‌ಗಳಲ್ಲಿ ವೇಗ ಜಾಸ್ತಿ ಸಿಗಲಿ ಅಂತ ಅದು ಡೇಟಾವನ್ನು ಹಿಂದಿನಿಂದ ಮುಂದಕ್ಕೆ ನಕಲು ಮಾಡಲು ಶುರು ಮಾಡಿತ್ತು. ಮೂಲ ಜಾಗ ಮತ್ತು ಹೋಗಬೇಕಾದ ಜಾಗ ಒಂದರ ಮೇಲೊಂದು ಬಿದ್ದಿದ್ದರೆ ಮೆಮ್‌ಕಾಪಿ ಬಳಸಬಾರದು ಅಂತ ಸಿ ಭಾಷೆಯ ನಿಯಮವೇ ಹೇಳುತ್ತದೆ. ಫ್ಲ್ಯಾಶ್ ಆ ನಿಯಮ ಮುರಿದಿತ್ತು. ಅಷ್ಟು ದಿನ ಅದೃಷ್ಟದಿಂದ ನಡೆದುಹೋಗಿತ್ತು, ಅಷ್ಟೇ. ತಪ್ಪು ಫ್ಲ್ಯಾಶ್‌ದು ಅಂತ ಒಂದು ಪಕ್ಷ. ಬಳಕೆದಾರನಿಗೆ ಅದೆಲ್ಲ ಯಾಕೆ ಬೇಕು, ನಿನ್ನೆ ಓಡಿದ್ದು ಇವತ್ತೂ ಓಡಬೇಕು ಅಂತ ಇನ್ನೊಂದು ಪಕ್ಷ. ಲಿನಕ್ಸ್ ಹುಟ್ಟುಹಾಕಿದ ಲಿನಸ್ ಟಾರ್ವಾಲ್ಡ್ಸ್ ಖುದ್ದಾಗಿ ಆ ಚರ್ಚೆಗೆ ಇಳಿದು ಎರಡನೇ ಪಕ್ಷದ ಪರ ವಾದ ಮಾಡಿದರು.

ಕೊನೆಗೆ 2011ರ ಜಿಲಿಬ್‌ಸಿ 2.14ರಲ್ಲಿ ಒಂದು ದಾರಿ ಸಿಕ್ಕಿತು. ಹೊಸ, ವೇಗದ ಮೆಮ್‌ಕಾಪಿಗೆ 2.14 ಅನ್ನುವ ನಂಬರ್ ಕೊಟ್ಟರು. 2.2.5 ನಂಬರಿನ ಹಳೆಯದನ್ನು ಹಾಗೆಯೇ ಉಳಿಸಿ, ಅದು ಮೊದಲಿನ ಹಾಗೆ ಜೋಪಾನವಾಗಿ ನಡೆದುಕೊಳ್ಳುವಂತೆ ಮಾಡಿದರು. ನಮ್ಮ ಊರುಗಳಲ್ಲಿ ಮನೆ ಗೇಟಿನ ಮೇಲೆ "ಹಳೇ ನಂಬರ್, ಹೊಸ ನಂಬರ್" ಎರಡನ್ನೂ ಬರೆಸಿರುತ್ತಾರಲ್ಲ, ಹಾಗೆ. ಹಳೇ ವಿಳಾಸದ ಕಾಗದವೂ ಬಂದು ಮುಟ್ಟುತ್ತದೆ. ಆದರೆ ಹೊಸ ನಂಬರ್ ಹಾಕಿದ ಕಾಗದವನ್ನು ಹಳೇ ಪಟ್ಟಿ ಹಿಡಿದುಕೊಂಡಿರುವ ಪೋಸ್ಟ್‌ಮನ್ ಕೈಗೆ ಕೊಟ್ಟರೆ ವಾಪಸ್ ಬರುತ್ತದೆ.

ಹೊಂದಾಣಿಕೆ ಹೀಗೆ ಒಂದೇ ದಿಕ್ಕಿನದು. ಹಳೇ ಲಿನಕ್ಸ್‌ನಲ್ಲಿ ಬಿಲ್ಡ್ ಮಾಡಿದ್ದು ಹೊಸದರಲ್ಲಿ ಓಡುತ್ತದೆ. ಹೊಸದರಲ್ಲಿ ಬಿಲ್ಡ್ ಮಾಡಿದ್ದು ಹಳೆಯದರಲ್ಲಿ ಓಡುವ ಭರವಸೆ ಯಾರೂ ಕೊಟ್ಟಿಲ್ಲ. ಕಂಪೈಲ್ ಆದ ಭಾಗಗಳನ್ನು ಜೋಡಿಸುವ ಲಿಂಕರ್ ಬಿಲ್ಡ್ ಮಷೀನ್‌ನಲ್ಲಿರುವ ಅತ್ಯಂತ ಹೊಸ ನಂಬರನ್ನೇ ಎತ್ತಿಕೊಳ್ಳುತ್ತದೆ. ನೀವು ಅದನ್ನು ಕೇಳಿರುವುದೂ ಇಲ್ಲ.

2.34ರ ಗೋಡೆ

ಇಲ್ಲಿ ಒಂದು ಸೂಕ್ಷ್ಮ ಇದೆ. ಬೈನರಿಗೆ ಬೇಕಾಗುವುದು ಬಿಲ್ಡ್ ಮಷೀನ್‌ನ ಜಿಲಿಬ್‌ಸಿ ವರ್ಷನ್ ಅಲ್ಲ. ಅದು ನಿಜವಾಗಿ ಬಳಸಿದ ಫಂಕ್ಷನ್‌ಗಳಲ್ಲಿ ಅತಿ ದೊಡ್ಡ ನಂಬರ್ ಯಾವುದೋ ಅದು. ಹಿಂದೆ ಈ ಕಾರಣಕ್ಕೆ ಎಷ್ಟೋ ಬಿಲ್ಡ್‌ಗಳು ಬಚಾವಾಗುತ್ತಿದ್ದವು. ಜಿಲಿಬ್‌ಸಿ 2.31 ಇರುವ ಉಬುಂಟು 20.04ರಲ್ಲಿ ಕಟ್ಟಿದ ಚಿಕ್ಕ ಪ್ರೋಗ್ರಾಂ, 2.17 ಇರುವ ಸೆಂಟ್‌ಒಎಸ್ 7ರಲ್ಲೂ ಓಡಿಬಿಡುತ್ತಿತ್ತು. ಹೊಸ ನಂಬರಿನ ಯಾವ ಫಂಕ್ಷನ್ನನ್ನೂ ಅದು ಮುಟ್ಟಿರುತ್ತಿರಲಿಲ್ಲ. ಅದೇ ಪ್ರೋಗ್ರಾಂಗೆ ಯಾರೋ ಒಂದು ಲಾಗರಿದಮ್ ಲೆಕ್ಕ ಸೇರಿಸಿದರೆ ಸಾಕು, ಕೆಡುತ್ತಿತ್ತು. ಯಾಕೆಂದರೆ ಲಾಗ್, ಪವರ್ ಲೆಕ್ಕದ ಫಂಕ್ಷನ್‌ಗಳಿಗೆ 2.29ರಲ್ಲಿ ಹೊಸ ನಂಬರ್ ಬಂದಿತ್ತು.

2021ರ ಆಗಸ್ಟ್‌ನಲ್ಲಿ ಬಂದ ಜಿಲಿಬ್‌ಸಿ 2.34 ಈ ಅದೃಷ್ಟದ ಆಟವನ್ನೇ ಮುಗಿಸಿತು. ಬೇರೆ ಬೇರೆ ಫೈಲ್‌ಗಳಲ್ಲಿದ್ದ ಥ್ರೆಡ್ ಲೈಬ್ರರಿ, ಡೈನಮಿಕ್ ಲೋಡಿಂಗ್ ಲೈಬ್ರರಿಗಳನ್ನು ಅದು ಮುಖ್ಯ ಲಿಬ್‌ಸಿ ಒಳಗೇ ಸೇರಿಸಿಕೊಂಡಿತು. ಜೊತೆಗೆ ಪ್ರತಿ ಪ್ರೋಗ್ರಾಂನ ಮೇನ್ ಫಂಕ್ಷನ್ನನ್ನು ಕರೆಯುವ ಆರಂಭದ ಫಂಕ್ಷನ್‌ಗೇ 2.34 ಅನ್ನುವ ಹೊಸ ನಂಬರ್ ಬಂತು. ಆ ಫಂಕ್ಷನ್ ಇಲ್ಲದೆ ಯಾವ ಮಾಮೂಲಿ ಪ್ರೋಗ್ರಾಂ ಕೂಡ ಶುರುವಾಗುವುದಿಲ್ಲ. ಹಾಗಾಗಿ ಉಬುಂಟು 22.04ರಲ್ಲಿ ಕಟ್ಟಿದ "ಹಲೋ ವರ್ಲ್ಡ್" ಕೂಡ ಉಬುಂಟು 20.04ರಲ್ಲಿ ಓಡಲ್ಲ. ಎಲ್ಲೆಲ್ಲೂ 2.34ರ ದೂರು ಜಾಸ್ತಿ ಕಾಣುವುದು ಇದೇ ಕಾರಣಕ್ಕೆ.

ಕೆಲವು ನಂಬರ್‌ಗಳನ್ನು ಬಾಯಿಪಾಠ ಮಾಡಿಕೊಂಡರೆ ಅರ್ಧ ಕೆಲಸ ಮುಗಿಯಿತು. ಸೆಂಟ್‌ಒಎಸ್ 7ರಲ್ಲಿ ಜಿಲಿಬ್‌ಸಿ 2.17. ಅಮೆಜಾನ್ ಲಿನಕ್ಸ್ 2ರಲ್ಲಿ 2.26, ಉಬುಂಟು 18.04ರಲ್ಲಿ 2.27. ಡೆಬಿಯನ್ 10 ಮತ್ತು ರೆಡ್ ಹ್ಯಾಟ್ 8 ಎರಡರಲ್ಲೂ 2.28. ಡೆಬಿಯನ್ 11 ಮತ್ತು ಉಬುಂಟು 20.04ರಲ್ಲಿ 2.31. ರೆಡ್ ಹ್ಯಾಟ್ 9 ಮತ್ತು ಅಮೆಜಾನ್ ಲಿನಕ್ಸ್ 2023ರಲ್ಲಿ 2.34. ಉಬುಂಟು 22.04ರಲ್ಲಿ 2.35, ಡೆಬಿಯನ್ 12ರಲ್ಲಿ 2.36, ಉಬುಂಟು 24.04ರಲ್ಲಿ 2.39. ಈ ಕೊನೆಯದಕ್ಕೆ ಬಂದಾಗ ಇನ್ನೊಂದು ಮೆಟ್ಟಿಲು ಇದೆ. ಅಕ್ಷರಗಳನ್ನು ಸಂಖ್ಯೆಗೆ ತಿರುಗಿಸುವ ಮಾಮೂಲಿ ಫಂಕ್ಷನ್‌ಗಳಿಗೆ 2.38ರಲ್ಲಿ ಹೊಸ ರೂಪ ಬಂತು. ಸಿ ಪ್ಲಸ್ ಪ್ಲಸ್ ಕೋಡ್ ಅದನ್ನು ತಾನಾಗಿಯೇ ಎಳೆದುಕೊಳ್ಳುತ್ತದೆ.

ಇದು ಕರ್ನಲ್ (ಲಿನಕ್ಸ್‌ನ ತಿರುಳು) ಸಮಸ್ಯೆ ಅಂತ ಬಹಳ ಜನ ಅಂದುಕೊಳ್ಳುತ್ತಾರೆ. ಸಾಮಾನ್ಯವಾಗಿ ಅಲ್ಲ. ಕಂಟೇನರ್ (ಹೊರಗಿನ ಕರ್ನಲ್ ಹಂಚಿಕೊಂಡು, ತನ್ನದೇ ಲೈಬ್ರರಿಗಳ ಜೊತೆ ಓಡುವ ಪೆಟ್ಟಿಗೆ) ಒಳಗೆ ಹಳೇ ಉಬುಂಟು ಹಾಕಿದರೆ ಹೊಸ ಕರ್ನಲ್ ಮೇಲೂ ಆ ಬೈನರಿ ಅದೇ ದೂರು ಹೇಳುತ್ತದೆ.

ಪತ್ತೆ ಮಾಡುವುದು

ಊಹೆ ಮಾಡುತ್ತಾ ಕೂರುವ ಅಗತ್ಯವಿಲ್ಲ. ಬೈನರಿಯನ್ನೇ ಕೇಳಬಹುದು. ಬೈನರಿಯ ಒಳಗನ್ನು ತೋರಿಸುವ ಆಬ್ಜ್‌ಡಂಪ್ ಕಮ್ಯಾಂಡ್‌ಗೆ ದೊಡ್ಡಕ್ಷರದ ಟಿ ಆಯ್ಕೆ ಕೊಟ್ಟು ಓಡಿಸಿದರೆ ಬೇಕಾದ ಫಂಕ್ಷನ್‌ಗಳೂ ಅವುಗಳ ಪಕ್ಕ ನಂಬರ್‌ಗಳೂ ಬರುತ್ತವೆ. ಅದರಲ್ಲಿ ಜಿಲಿಬ್‌ಸಿ ಇರುವ ಸಾಲುಗಳನ್ನು ಗ್ರೆಪ್‌ನಿಂದ ಆರಿಸಿ, ವರ್ಷನ್ ಪ್ರಕಾರ ಸಾರ್ಟ್ ಮಾಡಿ, ಕೊನೆಯ ಸಾಲು ನೋಡಿದರೆ ಸಾಕು. ನಿಮ್ಮ ಬೈನರಿ ಎಷ್ಟು ಹಳೆಯ ಜಿಲಿಬ್‌ಸಿವರೆಗೆ ಇಳಿಯಬಲ್ಲದು ಅಂತ ಗೊತ್ತಾಗುತ್ತದೆ. ಯಾವ ಫಂಕ್ಷನ್ ತೊಂದರೆ ಕೊಡುತ್ತಿದೆ ಅನ್ನುವುದೂ ಅಲ್ಲೇ ಕಾಣುತ್ತದೆ. ರಿಲೀಸ್ ಪ್ಯಾಕೇಜ್ ಒಳಗಿನ ಪ್ರತಿ ಬೈನರಿಗೂ, ಪ್ರತಿ ಶೇರ್ಡ್ ಲೈಬ್ರರಿಗೂ (ಪ್ರೋಗ್ರಾಂ ಓಡುವಾಗ ಜೋಡಿಸಿಕೊಳ್ಳುವ ಫೈಲ್) ಇದನ್ನು ಮಾಡಬೇಕು. ಮುಖ್ಯ ಪ್ರೋಗ್ರಾಂ ಸರಿಯಿದ್ದು, ಜೊತೆಗೆ ಕಳಿಸಿದ ಯಾವುದೋ ಪ್ಲಗಿನ್ ಕೈಕೊಡುವುದು ಮಾಮೂಲು.

ದೂರಿನಲ್ಲಿ ಜಿಲಿಬ್‌ಸಿ ಬದಲು "ಜಿಲಿಬ್‌ಸಿಎಕ್ಸ್‌ಎಕ್ಸ್ 3.4.30" ಅನ್ನುವಂಥದ್ದು ಕಂಡರೆ ಅದು ಬೇರೆ ಗಿರಾಕಿ, ಸಿ ಪ್ಲಸ್ ಪ್ಲಸ್ ಲೈಬ್ರರಿ. 3.4.30 ಅಂದರೆ ಗ್ನೂ ಕಂಪೈಲರ್ ಜಿಸಿಸಿ 12ರ ಕಾಲದ್ದು. ಇದಕ್ಕೆ ಪರಿಹಾರ ಸುಲಭ. ಆ ಲೈಬ್ರರಿಯನ್ನು ಸ್ಟ್ಯಾಟಿಕ್ ಆಗಿ ಬೈನರಿ ಒಳಗೇ ಸೇರಿಸಲು ಜಿಸಿಸಿಯಲ್ಲಿ ಆಯ್ಕೆಯೇ ಇದೆ.

ಫೈಲ್ ಕಣ್ಣೆದುರೇ ಇದ್ದರೂ "ನೋ ಸಚ್ ಫೈಲ್ ಆರ್ ಡೈರೆಕ್ಟರಿ" ಅಂತ ಬಂದರೆ ಗಾಬರಿ ಬೇಡ. ಸಿಗದೇ ಇರುವುದು ಆ ಫೈಲ್ ಅಲ್ಲ, ಅದರ ಲೋಡರ್. ಆಲ್ಪೈನ್ ಕಂಟೇನರ್‌ನಲ್ಲಿ ಉಬುಂಟು ಬೈನರಿ ಹಾಕಿದವರಿಗೆಲ್ಲ ಇದರ ಅನುಭವ ಇರುತ್ತದೆ. ಆಲ್ಪೈನ್‌ನಲ್ಲಿ ಜಿಲಿಬ್‌ಸಿಯೇ ಇಲ್ಲ, ಮಸಲ್ ಅನ್ನುವ ಬೇರೆ ಸಿ ಲೈಬ್ರರಿ ಇದೆ.

ಮಾಡಬಾರದ ರಿಪೇರಿಗಳೂ ಇವೆ. ಗ್ರಾಹಕರ ಸರ್ವರ್‌ನಲ್ಲಿ ಜಿಲಿಬ್‌ಸಿಯನ್ನು ಕೈಯಾರೆ ಮೇಲೇರಿಸಲು ಹೇಳಬೇಡಿ. ಎಲ್‌ಎಸ್, ಬ್ಯಾಶ್, ಎಸ್‌ಎಸ್‌ಎಚ್ ಎಲ್ಲವೂ ಅದರ ಮೇಲೇ ನಿಂತಿವೆ. ಅದು ಅರ್ಧಕ್ಕೆ ಕೆಟ್ಟರೆ ಮತ್ತೆ ಲಾಗಿನ್ ಆಗಲೂ ಆಗುವುದಿಲ್ಲ. ಗೂಢಲಿಪಿ ಲೈಬ್ರರಿ ಓಪನ್‌ಎಸ್‌ಎಸ್‌ಎಲ್‌ನ 1.1 ಸಿಗುತ್ತಿಲ್ಲ ಅಂತ 3ರ ಫೈಲ್‌ಗೆ ಆ ಹೆಸರಿನ ಸಿಮ್‌ಲಿಂಕ್ (ಫೈಲ್‌ಗೆ ಇನ್ನೊಂದು ಹೆಸರು) ಹಾಕುವುದೂ ಅಷ್ಟೇ ಕೆಟ್ಟ ಐಡಿಯಾ. ಅವೆರಡರ ಒಳರಚನೆ ಬೇರೆ. ಅಂದ ಹಾಗೆ ಓಪನ್‌ಎಸ್‌ಎಸ್‌ಎಲ್ ವಿಷಯದಲ್ಲಿ "ಹಳೆಯದರಲ್ಲಿ ಕಟ್ಟು, ಹೊಸದರಲ್ಲಿ ಓಡಿಸು" ಅನ್ನುವ ಸೂತ್ರವೂ ನಡೆಯಲ್ಲ. ಉಬುಂಟು 20.04ರಲ್ಲಿ 1.1.1 ಇತ್ತು, 22.04ರಲ್ಲಿ 3 ಬಂತು, 1.1 ಹೋಯಿತು. ಜಿಲಿಬ್‌ಸಿಯವರು ಹಳೇ ನಂಬರ್ ಕಾಪಾಡಿಕೊಂಡು ಬರುವ ಹಾಗೆ ಎಲ್ಲ ಲೈಬ್ರರಿಗಳೂ ಕಾಪಾಡುವುದಿಲ್ಲ. ಇಂಥವನ್ನು ನೀವೇ ಪ್ಯಾಕೇಜ್ ಜೊತೆ ಕಳಿಸಬೇಕು, ಇಲ್ಲವೇ ಸ್ಟ್ಯಾಟಿಕ್ ಆಗಿ ಸೇರಿಸಬೇಕು. ಆಗ ಅದರಲ್ಲಿ ಭದ್ರತಾ ದೋಷ ಸಿಕ್ಕಾಗಲೆಲ್ಲ ಹೊಸ ರಿಲೀಸ್ ಮಾಡುವ ಹೊಣೆಯೂ ನಿಮ್ಮದೇ.

ಹಳೇ ಮನೆಯಲ್ಲಿ ಹೊಸ ಕಂಪೈಲರ್

ಸರಿಯಾದ ದಾರಿ ಎಲ್ಲರಿಗೂ ಗೊತ್ತಿರುವುದೇ: ನೀವು ಬೆಂಬಲಿಸುವ ಅತ್ಯಂತ ಹಳೆಯ ಲಿನಕ್ಸ್‌ನ ಕಂಟೇನರ್ ಒಳಗೆ ಬಿಲ್ಡ್ ಮಾಡಿ. ರನ್ನರ್ ಯಾವ ಉಬುಂಟು ಆದರೂ ಇರಲಿ, ಕಂಪೈಲ್ ಆಗುವ ಜಾಗ ನಿಮ್ಮ ಹಿಡಿತದಲ್ಲಿರುತ್ತದೆ. ಹೇಳಲು ಸುಲಭ. ಮಾಡುವಾಗ ಎರಡು ಅಡ್ಡಿ ಬರುತ್ತವೆ.

ಮೊದಲನೆಯದು ಕಂಪೈಲರ್. ಹಳೇ ಲಿನಕ್ಸ್‌ನಲ್ಲಿ ಹಳೇ ಜಿಸಿಸಿ ಇರುತ್ತದೆ. ನಿಮ್ಮ ಕೋಡ್ ಸಿ ಪ್ಲಸ್ ಪ್ಲಸ್ 20 ಬಳಸುತ್ತಿದ್ದರೆ ಅದಕ್ಕೆ ಅರ್ಥವೇ ಆಗುವುದಿಲ್ಲ. ಇದಕ್ಕೆ ರೆಡ್ ಹ್ಯಾಟ್‌ನವರ ಉತ್ತರ ಜಾಣತನದ್ದು. ಜಿಸಿಸಿ ಟೂಲ್‌ಸೆಟ್ ಅನ್ನುವ ಪ್ಯಾಕೇಜ್‌ಗಳಲ್ಲಿ ಹೊಸ ಕಂಪೈಲರ್ ಬರುತ್ತದೆ, ಆದರೆ ಅದು ಸಿಸ್ಟಮ್‌ನ ಹಳೇ ಜಿಲಿಬ್‌ಸಿಗೇ ಲಿಂಕ್ ಮಾಡುತ್ತದೆ. ಸಿ ಪ್ಲಸ್ ಪ್ಲಸ್ ಲೈಬ್ರರಿಯಲ್ಲಿ ಹೊಸದಾಗಿ ಸೇರಿದ ಭಾಗಗಳನ್ನಷ್ಟೇ ಬೈನರಿ ಒಳಗೆ ತುಂಬುತ್ತದೆ. ಪೈಥಾನ್ ಜಗತ್ತು ಇದರ ಮೇಲೇ ತನ್ನ ವ್ಯವಸ್ಥೆ ಕಟ್ಟಿಕೊಂಡಿದೆ. ಪೈಥಾನ್‌ನ ಇನ್‌ಸ್ಟಾಲರ್ ಪಿಪ್‌ನಲ್ಲಿ ಗಣಿತದ ಲೈಬ್ರರಿ ನಂಪೈ ಹಾಕಿದರೆ ಜಿಲಿಬ್‌ಸಿ ಇರುವ ಬಹುತೇಕ ಎಲ್ಲ ಲಿನಕ್ಸ್‌ಗಳಲ್ಲೂ ಕಂಪೈಲ್ ಮಾಡದೆ ಕೂತುಕೊಳ್ಳುತ್ತದೆ ಅಲ್ವಾ? ಅದು ಒಂದೇ ಪ್ಯಾಕೇಜ್ ಹಲವು ಲಿನಕ್ಸ್‌ಗಳಲ್ಲಿ ಓಡಬೇಕು ಅನ್ನುವ ಮೆನಿಲಿನಕ್ಸ್ ಒಪ್ಪಂದದ ಫಲ. 2016ರ ಮೊದಲ ಮೆನಿಲಿನಕ್ಸ್‌ಗೆ ಸೆಂಟ್‌ಒಎಸ್ 5 ಆಧಾರ, ಜಿಲಿಬ್‌ಸಿ 2.5. ಆಮೇಲೆ ಸೆಂಟ್‌ಒಎಸ್ 6, 7 ಬಂದವು. ಈಗಿನ ಹೆಸರುಗಳಲ್ಲಿ ಜಿಲಿಬ್‌ಸಿ ನಂಬರನ್ನೇ ಬರೆಯುತ್ತಾರೆ. "ಮೆನಿಲಿನಕ್ಸ್ 2.28" ಅಂದರೆ ರೆಡ್ ಹ್ಯಾಟ್ 8ಕ್ಕೆ ಹೊಂದುವ ಆಲ್ಮಾಲಿನಕ್ಸ್ 8ರ ಮೇಲೆ ಕಟ್ಟಿದ ಇಮೇಜ್. ಆಡಿಟ್‌ವೀಲ್ ಅನ್ನುವ ಸಾಧನ ಪ್ಯಾಕೇಜ್ ನಿಜವಾಗಿ ಆ ಗೆರೆ ದಾಟಿಲ್ಲವೇ ಅಂತ ನೋಡಿ ಮುದ್ರೆ ಒತ್ತುತ್ತದೆ. ನೀವು ಪೈಥಾನ್ ಬರೆಯದಿದ್ದರೂ ಈ ಇಮೇಜನ್ನು ಬಿಲ್ಡ್‌ಗೆ ಬಳಸಬಹುದು. ಯಾರೂ ಬೇಡ ಅನ್ನಲ್ಲ.

ಎರಡನೇ ಅಡ್ಡಿ ಇನ್ನೂ ಸ್ವಾರಸ್ಯದ್ದು: ಪೈಪ್‌ಲೈನ್‌ನ ಸ್ವಂತ ಸಾಮಾನುಗಳೇ ಆ ಹಳೇ ಕಂಟೇನರ್‌ನಲ್ಲಿ ಓಡಲ್ಲ. ಗಿಟ್‌ಹಬ್‌ನಲ್ಲಿ ಕೋಡ್ ಎಳೆದು ತರುವ ಚೆಕ್‌ಔಟ್ ಆ್ಯಕ್ಷನ್, ನೋಡ್ (ಜಾವಾಸ್ಕ್ರಿಪ್ಟ್ ಓಡಿಸುವ ಸಾಧನ) ಮೇಲೆ ಓಡುವ ಒಂದು ಪ್ರೋಗ್ರಾಂ. 2024ರಲ್ಲಿ ಆ್ಯಕ್ಷನ್‌ಗಳು ನೋಡ್ 16ರಿಂದ ನೋಡ್ 20ಕ್ಕೆ ಹೋದವು. ನೋಡ್ 20ಕ್ಕೆ ಜಿಲಿಬ್‌ಸಿ 2.28 ಬೇಕು. ಸೆಂಟ್‌ಒಎಸ್ 7ರದ್ದು 2.17, ಕಥೆ ಮುಗಿಯಿತು. ಉಬುಂಟು 18.04ರದ್ದು 2.27, ಒಂದೇ ಒಂದು ನಂಬರಿನಲ್ಲಿ ಫೇಲ್! ಬಿಲ್ಡ್ ಶುರುವಾಗುವ ಮುಂಚೆ, ಕೋಡ್ ಎಳೆಯುವಾಗಲೇ ಅದೇ ಜಿಲಿಬ್‌ಸಿ ದೂರು. ಇದಕ್ಕೆ ಪರಿಹಾರ ಇಡೀ ಜಾಬನ್ನು ಕಂಟೇನರ್ ಒಳಗೆ ಹಾಕದಿರುವುದು. ಕೋಡ್ ಎಳೆಯುವುದು, ಕ್ಯಾಶ್, ಅಪ್‌ಲೋಡ್ ಎಲ್ಲ ರನ್ನರ್ ಮೇಲೆ ನಡೆಯಲಿ. ಕಂಪೈಲ್ ಮಾಡುವ ಒಂದು ಹೆಜ್ಜೆಗೆ ಮಾತ್ರ ಕಂಟೇನರ್ ನಡೆಸುವ ಸಾಧನ ಡಾಕರ್‌ನ "ಡಾಕರ್ ರನ್" ಕರೆದು, ಕೋಡ್ ಇರುವ ಫೋಲ್ಡರನ್ನು ಒಳಗೆ ಮೌಂಟ್ ಮಾಡಿ. ನೋಡಲು ಚೆಂದವಿಲ್ಲ. ಆದರೆ ಮುಂದಿನ ವರ್ಷವೂ ಕೆಲಸ ಮಾಡುತ್ತದೆ.

ಸೆಂಟ್‌ಒಎಸ್ 7 ಇನ್ನೊಂದು ಪಾಠ ಕಲಿಸಿತು. 2024ರ ಜೂನ್ 30ಕ್ಕೆ ಅದರ ಆಯಸ್ಸು ಮುಗಿದು, ಪ್ಯಾಕೇಜ್‌ಗಳನ್ನೆಲ್ಲ ವಾಲ್ಟ್ ಎನ್ನುವ ಹಳೇ ಸಂಗ್ರಹಕ್ಕೆ ಸಾಗಿಸಿದರು. ಪ್ರತಿ ಬಿಲ್ಡ್‌ನಲ್ಲೂ ಯಮ್ ಇನ್‌ಸ್ಟಾಲ್ ಓಡಿಸಿ ಪ್ಯಾಕೇಜ್ ಎಳೆಯುತ್ತಿದ್ದ ಪೈಪ್‌ಲೈನ್‌ಗಳು ನಿಂತುಹೋದವು. ಬಿಲ್ಡ್ ಇಮೇಜನ್ನು ಒಮ್ಮೆ ಪೂರ್ತಿ ತಯಾರು ಮಾಡಿ, ನಿಮ್ಮ ರಿಜಿಸ್ಟ್ರಿಯಲ್ಲಿ ಇಟ್ಟು, ಟ್ಯಾಗ್ (ಇಮೇಜ್‌ಗೆ ಅಂಟಿಸಿದ ಹೆಸರು) ಬದಲು ಡೈಜೆಸ್ಟ್‌ನಿಂದ (ಇಮೇಜ್‌ನ ಒಳಗಿರುವುದರಿಂದಲೇ ಲೆಕ್ಕ ಹಾಕಿದ ಗುರುತು) ಕರೆಯಿರಿ. ಟ್ಯಾಗ್ ನಾಳೆ ಬೇರೆ ಇಮೇಜನ್ನು ತೋರಿಸಬಹುದು, ಡೈಜೆಸ್ಟ್ ತೋರಿಸಲ್ಲ.

ಕಂಟೇನರ್ ಬೇಡವೇ ಬೇಡ ಅನ್ನುವವರಿಗೆ ಝಿಗ್ ಇದೆ. ಝಿಗ್ ಭಾಷೆ ಕಲಿಯದೇ ಅದರ ಸಿ ಕಂಪೈಲರನ್ನು ಮಾತ್ರ ಬಳಸಬಹುದು. ಟಾರ್ಗೆಟ್ ಹೆಸರಿನ ಕೊನೆಗೆ 2.17 ಅಂತ ಸೇರಿಸಿದರೆ, ಯಾವ ಹೊಸ ಮಷೀನ್‌ನಲ್ಲಿ ಕೂತಿದ್ದರೂ ಆ ಕಾಲದ ಜಿಲಿಬ್‌ಸಿಗೇ ಲಿಂಕ್ ಮಾಡುತ್ತದೆ. ರಸ್ಟ್‌ನವರು ಕಾರ್ಗೋ ಝಿಗ್‌ಬಿಲ್ಡ್ ಮೂಲಕ ಇದನ್ನೇ ಬಳಸುತ್ತಾರೆ. ಜಿಲಿಬ್‌ಸಿ ಒಂದನ್ನೇ ನಂಬಿದ ಪ್ರೋಗ್ರಾಂಗೆ ಇದಕ್ಕಿಂತ ಹಗುರವಾದ ದಾರಿ ಇಲ್ಲ. ಬೇರೆ ಹತ್ತು ಲೈಬ್ರರಿ ಬೇಕಿದ್ದರೆ ಅವನ್ನೆಲ್ಲ ನೀವೇ ಹೊಂದಿಸಬೇಕು. ಆಗ ಕಂಟೇನರೇ ವಾಸಿ.

"ಪೂರ್ತಿ ಸ್ಟ್ಯಾಟಿಕ್ ಮಾಡಿಬಿಡಿ, ಈ ಜಗಳವೇ ಬೇಡ" ಅನ್ನುವವರಿದ್ದಾರೆ. ಗೋ ಭಾಷೆಯಲ್ಲಿ ಸಿಗೋ (ಸಿ ಕೋಡ್ ಕರೆಯುವ ಸೌಲಭ್ಯ) ಆಫ್ ಮಾಡಿದರೆ ಇದು ಸಲೀಸು, ಮಾಡಿ. ಸಿ ಮತ್ತು ರಸ್ಟ್‌ನವರು ಮಸಲ್ ಬಳಸಿ ಇದನ್ನು ಸಾಧಿಸಬಹುದು. ಆದರೆ ಅದು ಪುಕ್ಕಟೆ ಅಲ್ಲ. ಹಲವು ಥ್ರೆಡ್‌ಗಳು ಒಟ್ಟಿಗೆ ಮೆಮೊರಿ ಕೇಳುವ ಪ್ರೋಗ್ರಾಂಗಳು ಮಸಲ್‌ನಲ್ಲಿ ನಿಧಾನವಾಗುತ್ತವೆ. ದೊಡ್ಡ ಡಿಎನ್‌ಎಸ್ ಉತ್ತರಗಳನ್ನು ಟಿಸಿಪಿಯಲ್ಲಿ ಕೇಳುವ ಸೌಲಭ್ಯ ಅದಕ್ಕೆ ಬಂದದ್ದೇ 2023ರ 1.2.4ರಲ್ಲಿ. ಜಿಲಿಬ್‌ಸಿಯನ್ನೇ ಸ್ಟ್ಯಾಟಿಕ್ ಮಾಡಲು ಹೋದರೆ ಹೋಸ್ಟ್ ಹೆಸರು ಹುಡುಕುವ ಭಾಗ ಓಡುವಾಗ ಮತ್ತೆ ಶೇರ್ಡ್ ಲೈಬ್ರರಿಗಳನ್ನೇ ಕೇಳುತ್ತದೆ. ಲಿಂಕರ್ ಆ ಬಗ್ಗೆ ಎಚ್ಚರಿಕೆಯನ್ನೂ ಕೊಡುತ್ತದೆ. ನಾವು ಓದಲ್ಲ, ಅಷ್ಟೇ.

ಬಾಗಿಲಲ್ಲೇ ತಡೆಯುವುದು

ಇಷ್ಟೆಲ್ಲ ಮಾಡಿದ ಮೇಲೂ ಯಾರೋ ಒಬ್ಬರು ಡಾಕರ್‌ಫೈಲ್‌ನ ಮೊದಲ ಸಾಲು (ಯಾವ ಲಿನಕ್ಸ್ ಮೇಲೆ ಇಮೇಜ್ ಕಟ್ಟಬೇಕು ಅನ್ನುವುದು) ಬದಲಿಸಿಬಿಡಬಹುದು. ಹಾಗಾಗಿ ಆಬ್ಜ್‌ಡಂಪ್ ತಪಾಸಣೆಯನ್ನು ಪೈಪ್‌ಲೈನ್ ಒಳಗೇ ಒಂದು ಹೆಜ್ಜೆಯಾಗಿ ಇಡಿ. ಅತಿ ದೊಡ್ಡ ನಂಬರ್ 2.28 ದಾಟಿದರೆ ಬಿಲ್ಡ್ ಫೇಲ್. ಹತ್ತು ಸಾಲಿನ ಶೆಲ್ ಸ್ಕ್ರಿಪ್ಟ್ ಸಾಕು. ಆಮೇಲೆ ತಯಾರಾದ ಪ್ಯಾಕೇಜನ್ನು ಡೆಬಿಯನ್ 10, ಆಲ್ಮಾಲಿನಕ್ಸ್ 8, ಉಬುಂಟು 24.04ರಂಥ ಖಾಲಿ ಕಂಟೇನರ್‌ಗಳಲ್ಲಿ ಹಾಕಿ ಸುಮ್ನೆ "ವರ್ಷನ್" ಅಂತ ಕೇಳಿ ನೋಡಿ. ಲೋಡರ್ ದೂರುಗಳು ಬಹುಪಾಲು ಅಲ್ಲೇ ಸಿಕ್ಕಿಬೀಳುತ್ತವೆ. ಬಿಲ್ಡ್ ಆದ ಇಮೇಜ್‌ನಲ್ಲೇ ಟೆಸ್ಟ್ ಮಾಡಿದರೆ ಈ ಜಾತಿಯ ತಪ್ಪು ಎಂದೂ ಕಾಣುವುದಿಲ್ಲ.

ಕಂಟೇನರ್ ಟೆಸ್ಟ್ ಹಿಡಿಯಲಾಗದ ಎರಡು ಸಂಗತಿಗಳಿವೆ. ಒಂದು ಪ್ರೊಸೆಸರ್. "ಈ ಮಷೀನ್‌ಗೆ ತಕ್ಕ ಹಾಗೆ ವೇಗ ಹೆಚ್ಚಿಸು" ಅನ್ನುವ ನೇಟಿವ್ ಆಯ್ಕೆ ಬಿಲ್ಡ್‌ನಲ್ಲಿ ಉಳಿದಿದ್ದರೆ, ಗ್ರಾಹಕರ ಹಳೇ ಸಿಪಿಯು ಮೇಲೆ ಪ್ರೋಗ್ರಾಂ "ಇಲ್ಲೀಗಲ್ ಇನ್‌ಸ್ಟ್ರಕ್ಷನ್" ಅಂತ ಸಾಯುತ್ತದೆ. ಇನ್ನೊಂದು ಕರ್ನಲ್ ಮತ್ತು ಡಾಕರ್. ಜಿಲಿಬ್‌ಸಿ 2.34 ಥ್ರೆಡ್ ಶುರು ಮಾಡಲು ಕ್ಲೋನ್3 ಅನ್ನುವ ಹೊಸ ಸಿಸ್ಟಮ್ ಕಾಲ್ (ಕರ್ನಲ್‌ಗೆ ಮಾಡುವ ಕೋರಿಕೆ) ಬಳಸುತ್ತದೆ. 20.10.10ಕ್ಕಿಂತ ಹಳೆಯ ಡಾಕರ್ ಅದಕ್ಕೆ "ಇಂಥದ್ದು ನನ್ನಲ್ಲಿಲ್ಲ" ಅನ್ನುವ ಬದಲು "ಅನುಮತಿ ಇಲ್ಲ" ಅಂದುಬಿಡುತ್ತಿತ್ತು. ಇಲ್ಲ ಅಂದಿದ್ದರೆ ಜಿಲಿಬ್‌ಸಿ ಹಳೇ ದಾರಿ ಹಿಡಿಯುತ್ತಿತ್ತು. ಅನುಮತಿ ಇಲ್ಲ ಅಂದಾಗ ಕೈಚೆಲ್ಲಿತು. ಹೊಸ ಇಮೇಜ್, ಹಳೇ ಡಾಕರ್ ಸೇರಿದ ಕಡೆ ಥ್ರೆಡ್‌ಗಳೇ ಹುಟ್ಟಲಿಲ್ಲ.

ಗೆರೆ ಎಲ್ಲಿ ಎಳೆಯಬೇಕು ಅನ್ನುವುದಕ್ಕೆ ನನ್ನ ಉತ್ತರ ಸದ್ಯಕ್ಕೆ 2.28. ರೆಡ್ ಹ್ಯಾಟ್ 8ರ ಬೆಂಬಲ 2029ರ ಮೇವರೆಗೆ ಇದೆ. ಕಂಪನಿಗಳ ಸರ್ವರ್ ರೂಮ್‌ಗಳಲ್ಲಿ ಅದು ಅಷ್ಟು ಬೇಗ ಎದ್ದು ಹೋಗಲ್ಲ. ಸೆಂಟ್‌ಒಎಸ್ 7ಕ್ಕಾಗಿ 2.17ಕ್ಕೆ ಇಳಿಯುವುದು, ಗ್ರಾಹಕರು ಅದಕ್ಕೆ ದುಡ್ಡು ಕೊಡುತ್ತಿದ್ದರೆ ಮಾತ್ರ.

ಗೆರೆ ಮೇಲೆತ್ತುವಾಗ ಹೇಗೆ ಎತ್ತುತ್ತೀರಿ ಅನ್ನುವುದೂ ಮುಖ್ಯ. ರಸ್ಟ್ ತಂಡ 2022ರ ಆಗಸ್ಟ್‌ನಲ್ಲೇ ಹೇಳಿತು: ಸೆಪ್ಟೆಂಬರ್‌ನಲ್ಲಿ ಬರುವ 1.64ರಿಂದ ಜಿಲಿಬ್‌ಸಿ 2.17, ಕರ್ನಲ್ 3.2 ಬೇಕು ಅಂತ. ಗಲಾಟೆ ಆಗಲಿಲ್ಲ. 2024ರ ಆರಂಭದಲ್ಲಿ ಮೈಕ್ರೋಸಾಫ್ಟ್‌ನ ಕೋಡ್ ಎಡಿಟರ್ ವಿಎಸ್ ಕೋಡ್ 1.86 ಬಂದಾಗ ಹಾಗಾಗಲಿಲ್ಲ. ದೂರದ ಮಷೀನ್‌ನಲ್ಲಿ ಓಡುವ ಅದರ ರಿಮೋಟ್ ಸರ್ವರ್‌ಗೆ 2.28 ಬೇಕಾಯಿತು. ಬೆಳಿಗ್ಗೆ ಎದ್ದು ಎಡಿಟರ್ ತಾನಾಗಿ ಅಪ್‌ಡೇಟ್ ಆಗಿದ್ದವರು ಸೆಂಟ್‌ಒಎಸ್ 7 ಮತ್ತು ಉಬುಂಟು 18.04ರ ಸರ್ವರ್‌ಗಳಿಗೆ ಹೋಗಲಾಗದೆ ಕೂತರು. ದೂರುಗಳ ಸುರಿಮಳೆ ಆದ ಮೇಲೆ ಹಳೇ ಸರ್ವರ್‌ಗಳಿಗೆ ಇನ್ನೂ ಒಂದು ವರ್ಷದ ಗಡುವು ಕೊಟ್ಟು, ಎಚ್ಚರಿಕೆಯ ಸಂದೇಶ ತೋರಿಸುವ ಏರ್ಪಾಡು ಮಾಡಿದರು. ಆ ಸಂದೇಶವನ್ನು ನೀವು ಮೊದಲೇ ಇಡಬಹುದು. ಇನ್‌ಸ್ಟಾಲ್ ಸ್ಕ್ರಿಪ್ಟ್‌ನ ಆರಂಭದಲ್ಲಿ ಗೆಟ್‌ಕಾನ್ಫ್ ಕಮ್ಯಾಂಡ್ ಮೂಲಕ ಜಿಲಿಬ್‌ಸಿ ವರ್ಷನ್ ಕೇಳಿ, ಕಡಿಮೆ ಇದ್ದರೆ "ನಿಮ್ಮ ಸಿಸ್ಟಮ್‌ನಲ್ಲಿ 2.17 ಇದೆ, ಇದಕ್ಕೆ 2.28 ಬೇಕು, ನಿಮಗೆ ಸರಿಹೊಂದುವ ಕೊನೆಯ ರಿಲೀಸ್ ಇದು" ಅಂತ ಬರೆದು, ಆ ಹಳೇ ರಿಲೀಸ್‌ನ ಲಿಂಕ್ ಕೊಟ್ಟು ಅಲ್ಲೇ ನಿಲ್ಲಿಸಿ.